ದಿನಕ್ಕೊಂದು ಅಧ್ಯಾಯ

ಮೊನ್ನೆ ನಮ್ಮ ಓಣ್ಯಾಗಿನ ಅಕ್ಕಾರೊಬ್ರು ಹಪ್ಪಳ ಒಣಗಿಸಾಕ ನಮ್ಮ ಮಾಳಿಗಿ ಮ್ಯಾಲ ಬಂದಿದ್ರು. ನಾ ಸತ್ಯವೇದ ಹಿಡಕೊಂಡು ಕುಂತಿದ್ನಿ. ಅಕ್ಕಾರು ನೋಡಿ ಕೇಳಿದ್ರು, "ಅಲ್ಲವ್ವಾ, ನೀ ಲಗ್ನ ಆಗಿ ಬಂದಾಗಿಂದ ಇದನ್ನ ಓದಾಕ ಹತ್ತೀದಿ. ಮುಗಿಯೋದ ಇಲ್ಲೇನು ಈ ಪುಸ್ತಕ?" ನಕ್ಕು ಸುಮ್ನಾದ್ನಿ. ಆದ್ರ ಪ್ರಶ್ನಿ ಖರೇನ ಐತಿ. ಅದಕ್ಕ ಇವತ್ತು ಅಡಗಿ, ಪದ್ಧತಿ ಎಲ್ಲಾ ಬಿಟ್ಟು ಇದನ್ನ ಬರೀತೇನಿ. ನಮ್ಮ ಬಳಗದಾವ್ರಿಗೆ ಗೊತ್ತಿದ್ದದ್ದು ಸ್ವಲ್ಪ ಇದ್ದೀತು, ಓಣ್ಯಾಗಿನಾವ್ರಿಗೆ ಹೊಸಾದು ಸ್ವಲ್ಪ.

ಮೊದಲ ಲೆಕ್ಕ ಹೇಳ್ತೇನಿ. ನಮ್ಮ ಸತ್ಯವೇದದಾಗ 66 ಪುಸ್ತಕ, ಅವುಗಳೊಳಗ 1189 ಅಧ್ಯಾಯ. ದಿನಕ್ಕೊಂದರಂಗ ಓದಿದ್ರ ಮೂರು ವರ್ಷ ಮೂರು ತಿಂಗಳು ಬೇಕು. ವರ್ಷದಾಗ ಮುಗಿಸಬೇಕನ್ನಾವ್ರು ದಿನಾ ಮೂರು, ರವಿವಾರ ಐದು ಓದ್ತಾರ. ಸ್ಕಾಟ್ಲೆಂಡಿನ ಮೆಕ್‌ಚೇನ್ ಅನ್ನೋ ಪಾದ್ರಿ 1842ರಲ್ಲಿ ತನ್ನ ಸಭೆಯವರಿಗೆ ಒಂದು ಪಟ್ಟಿ ಮಾಡಿ ಕೊಟ್ಟಿದ್ದ, ಅದರ ಪ್ರಕಾರ ದಿನಕ್ಕ ನಾಲ್ಕು ಕಡೆ ಓದಬೇಕು. ಇವತ್ತಿಗೂ ಆ ಪಟ್ಟಿ ನಡದೈತಿ. ನನ್ನ ಕೈಲೆ ಆಗ್ಲಿಲ್ಲ. ನಾಲ್ಕು ಕಡೆ ಓದೂದ್ರಾಗ ಒಲಿ ಮ್ಯಾಲಿನ ಹಾಲು ಉಕ್ಕಿ ಹೋತು.

ಅಧ್ಯಾಯ ಅನ್ನೋದೂ ಎಲ್ಲಾ ಒಂದ ಅಳತಿ ಅಲ್ಲ. 117ನೇ ಕೀರ್ತನೆ ಎರಡ ವಚನ, ಬಸ್ಸಿಗೆ ಹೊತ್ತಾದ ದಿನ ಬಂದ್ರ ಪುಣ್ಯ. 119ನೇದು 176 ವಚನ. ಅದು ಒಂದ್ಸಲ ಜೋಳದ ರಾಶಿ ದಿನಾನ ಬಂದಿತ್ತು, ಆಳಿಗೆ ಬುತ್ತಿ ಕಟ್ಟೂದು ಬಿಟ್ಟು ಓದಾಕ ಆಗ್ತೇತೇನ್ರಿ. ಮೂಲದಾಗ ಈ ಅಂಕಿ ಇರಲ ಇಲ್ಲ. ಅಧ್ಯಾಯ ಮಾಡಿದಾವ ಸ್ಟೀಫನ್ ಲ್ಯಾಂಗ್ಟನ್, 13ನೆಯ ಶತಮಾನದ ಶುರುವಿನ್ಯಾಗ, ಮುಂದ ಅವ ಇಂಗ್ಲೆಂಡಿನ ಕ್ಯಾಂಟರ್ಬರಿಗೆ ಆರ್ಚ್‌ಬಿಷಪ್ ಆದ. ಹೊಸ ಒಡಂಬಡಿಕೆಗೆ ಈಗಿನ ವಚನದ ಅಂಕಿ ಹಾಕಿ ಅಚ್ಚು ಮಾಡಿದಾವ ರಾಬರ್ಟ್ ಎಸ್ಟಿಯೆನ್ ಅನ್ನೋ ಮುದ್ರಕ, 1551ರಲ್ಲಿ. ಅಂಕಿ ಬಂದ ಮ್ಯಾಲ ನಮ್ಮಂಥಾವ್ರಿಗೆ ಬಾಳ ಹಗೂರಾತು. ಎಲ್ಲಿಗೆ ಬಿಟ್ಟಿದ್ವಿ ಅಂತ ನೆನಪಿಟ್ಟುಕೊಳ್ಳಾಕ ಬರ್ತೇತಿ.

ಇನ್ನ ದಿನಾ ಓದೋ ರೂಢಿ ನಮ್ಮ ಸೀಮಿಗೆ ಹೆಂಗ ಬಂತು ಅನ್ನೋದು.

ಜರ್ಮನಿಯ ಪೂರ್ವದ ಕಡೆ ಹೆರ್ನ್‌ಹೂಟ್ ಅಂತ ಒಂದು ಸಣ್ಣ ಊರು. ಮೊರಾವಿಯಾ ಸೀಮಿಯಿಂದ ಧರ್ಮದ ಕಾರಣಕ್ಕ ಓಡಿ ಬಂದಾವ್ರು 1722ರಲ್ಲಿ ಅಲ್ಲಿ ಮನಿ ಕಟ್ಟಿಕೊಂಡಿದ್ರು. ಜಾಗಾ ಕೊಟ್ಟಾಂವ ಜಿನ್ಜೆಂಡಾರ್ಫ್ ಅನ್ನೋ ಜಮೀನ್ದಾರ. ಅವ 1728ರ ಮೇ 3ನೇ ತಾರೀಖು ಸಂಜಿಮುಂದ ಕೂಡಿದ ಮಂದಿಗೆ ಮರುದಿನಕ್ಕಂತ ಒಂದು ಮಾತು ಕೊಟ್ಟ. ಅಲ್ಲಿಂದ ಮುಂದ ದಿನಾ ಮುಂಜಾನೆ ಒಬ್ರು ಆ ದಿನದ ಮಾತು ಹಿಡಕೊಂಡು ಊರಾಗಿನ 32 ಮನಿಗೂ ಹೋಗಿ ಹೇಳಿ ಬರೋದು ಶುರುವಾತು. ಹೇಳಿ ಬರೋದಷ್ಟ ಅಲ್ಲ, ಮನ್ಯಾಗ ಯಾರು ಜಡ್ಡಾಗ್ಯಾರ, ಯಾರಿಗೆ ಏನು ತ್ರಾಸ ಐತಿ ಅಂತ ಕೇಳಿಕೊಂಡೂ ಬರ್ತಿದ್ರು. 1731ಕ್ಕ ಇಡೀ ವರ್ಷದ ಮಾತು ಪುಸ್ತಕವಾಗಿ ಅಚ್ಚಾತು. ಇವತ್ತಿಗೂ ಪ್ರತಿ ವರ್ಷ ಚೀಟಿ ಎತ್ತಿ ವಚನ ಆರಿಸ್ತಾರ, ಹತ್ತಾರು ಭಾಷಾದಾಗ ಬರ್ತೇತಿ. ನನಗ ಇದರಾಗ ಬಾಳ ಸೇರೋದು ಆ 32 ಮನಿ. ನಮ್ಮ ಓಣಿಯಷ್ಟ ಆತು ನೋಡ್ರಿ.

ನಮ್ಮ ಕಡೆ ಬಂದಾವ್ರು ಬಾಸೆಲ್ ಮಿಶನ್‌ದಾವ್ರು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಾಗ 1815ರಲ್ಲಿ ಆ ಮಿಶನ್ ಸ್ಥಾಪನೆಯಾಯಿತು, ಆದ್ರ ಬಂದಾವ್ರೊಳಗ ಬಾಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮ್ಯಾವ್ರು. ಮನ್ಯಾಗ ಎಲ್ಲಾರೂ ಕೂತು ಓದಿ ಪ್ರಾರ್ಥನಾ ಮಾಡೋ ಮನಿತನದಾಗ ಬೆಳದಾವ್ರು. 1833ರ ಕಾಯ್ದೆಯಿಂದ ಇಂಗ್ಲಿಷರಲ್ಲದವ್ರಿಗೂ ಕಂಪನಿ ಸೀಮ್ಯಾಗ ಇರಾಕ ದಾರಿ ಆತು, 1834ರಲ್ಲಿ ಮೂರು ಮಂದಿ ಮಂಗಳೂರಿಗೆ ಬಂದ್ರು. ಅಲ್ಲಿಂದ ಘಟ್ಟಾ ಹತ್ತಿ 1837ಕ್ಕ ಧಾರವಾಡ, 1839ಕ್ಕ ಹುಬ್ಬಳ್ಳಿ, 1841ಕ್ಕ ನಮ್ಮ ಬೆಟಗೇರಿ. ಗದಗಿನ ಹತ್ರ ಮಲ್ಲಸಮುದ್ರದಾಗ ಕ್ರೈಸ್ತರದ ಒಂದು ಒಕ್ಕಲುತನದ ಊರ ಕಟ್ಟಬೇಕಂತ ಮಾಡಿದ್ರು. ಕಾಲಜ್ಞಾನದ ಪುಸ್ತಕ ಓದೋ ಮಂದಿ ಮಿಶನ್ ಹುಡಿಕ್ಕೊಂಡು ಬಂದಿದ್ರು, ಎಲ್ಲಾರೂ ಸೇರ್ತಾರಂತ ಆಸೆ. ಮಂದಿ ಬರಲಿಲ್ಲ, ಊರು ಬಾಳ ದಿನ ನಡೀಲಿಲ್ಲ. 1851ಕ್ಕ ಗುಳೇದಗುಡ್ಡಕ್ಕೂ ಹೋದ್ರು. ಬೆಟಗೇರ್ಯಾಗ, ಗುಳೇದಗುಡ್ಡದಾಗ ಸೇರಿದಾವ್ರೊಳಗ ನೇಕಾರರು ಬಾಳ. ನನ್ನ ತವರುಮನಿ ಬೆಟಗೇರಿ, ನಮ್ಮ ಹಿರ್ಯಾರೂ ಮಗ್ಗದಾವ್ರ.

ಆದ್ರ ಪುಸ್ತಕ ಇವರಕಿಂತ ಮೊದಲ ಬಂದಿತ್ತು, ಅದೂ ಬಳ್ಳಾರಿಯಿಂದ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅನ್ನಾಂವ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲ್ತು ತರ್ಜುಮಾಕ್ಕ ಕುಂತ. ಜತಿಗೆ ವಿಲಿಯಮ್ ರೀವ್ ಇದ್ದ, ಕನ್ನಡ ನಿಘಂಟು ಮಾಡಿದಾವ. 1831ಕ್ಕ ಇಡೀ ಸತ್ಯವೇದ ಕನ್ನಡದಾಗ ಬಂತು. ಇಪ್ಪತ್ತು ವರ್ಷದ ಕೆಲಸ. ಮುಂದ ಬಾಸೆಲ್ ಮಿಶನ್ನಿನ ವೈಗ್ಲೆ ಅದನ್ನ ತಿದ್ದಿ ಚಲೋ ಕನ್ನಡ ಮಾಡಾಕ ಹತ್ತಿದ್ದ. 1855ರಲ್ಲಿ ತೀರಿಕೊಂಡ, ಪೂರಾ ಮುಗದದ್ದು ನೋಡಲಿಲ್ಲ. ವೈಗ್ಲೆಯ ಬಂಧು ಮೋಗ್ಲಿಂಗ್, 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದಾವ. ನಮ್ಮ ಲಿಂಗಾಯತ ಅಕ್ಕಾರಿಗೆ ಒಂದು ಮಾತು ಹೇಳ್ತೇನಿ: ಇದ ಮೋಗ್ಲಿಂಗ್ ಮಂಗಳೂರಿನ ಕಲ್ಲಚ್ಚಿನ ಮ್ಯಾಲ ಬಸವಪುರಾಣ, ದಾಸರ ಪದ, ಜೈಮಿನಿ ಭಾರತ ಎಲ್ಲಾ ಅಚ್ಚು ಹಾಕಿಸ್ಯಾನ. ಶ್ರಾವಣದಾಗ ನಿಮ್ಮ ಮನ್ಯಾಗ ಪುರಾಣ ಹಚ್ಚಿದಾಗ ನನಗ ಅದು ನೆನಪಾಗ್ತೇತಿ.

ಓದೋ ಕನ್ನಡ ಮಾತ್ರ ನಮ್ಮ ಮನಿ ಕನ್ನಡ ಅಲ್ಲ. ಪುಸ್ತಕದಾಗ ಎಲ್ಲಾರೂ ಬಂದನು, ಹೇಳಿದಳು ಅಂತಾರ. ನನ್ನ ಮಗಳು ಸಣ್ಣಾಕಿದ್ದಾಗ, "ಅವ್ವಾ, ಯೇಸುಸ್ವಾಮಿ ಮೈಸೂರು ಕಡೆಯಾವ್ನೇನು?" ಅಂತ ಕೇಳಿದ್ಲು. ಅದಕ್ಕ ನಾ ಓದೋದು ಪುಸ್ತಕದ ಕನ್ನಡ, ಆಮ್ಯಾಲ ಹೇಳೋದು ಸವಡಿ ಕನ್ನಡ. ಧ್ಯಾನ ಅಂದ್ರ ನಮಗ ಇಷ್ಟ ರಿ: ಓದಿದ್ದರಾಗ ಒಂದು ಮಾತು ಎತ್ತಿಕೊಂಡು, ರೊಟ್ಟಿ ಬಡಿಯೂ ಮುಂದ ಬಾಯಾಗ ಇಟ್ಟುಕೊಂಡಿರೋದು.

ಇದರಾಗ ಹೆಣ್ಮಕ್ಕಳ ಪಾಲು ಪುಸ್ತಕದಾಗ ಕಮ್ಮಿ ಬರೀತಾರ. 1901ರ ಜನಗಣತಿ ನೋಡಿದ್ರ ಹಿಂದುಸ್ಥಾನದಾಗ ನೂರು ಮಂದಿ ಹೆಣ್ಮಕ್ಕಳಿಗೆ ಓದು ಬರಹ ಬರೋವ್ರು ಒಬ್ಬಾಕಿನೂ ಇರಲಿಲ್ಲ. ಅಂಥಾ ಕಾಲಕ್ಕ ನಮ್ಮ ಮುತ್ತಜ್ಜಿ ಬೆಟಗೇರ್ಯಾಗ ಮಗ್ಗದ ಬಾಜೂಕ ಕೂತು ಓದ್ತಿದ್ಲಂತ. ಸಾಲಿ ಕಲ್ತು ನೌಕರಿ ಮಾಡಬೇಕಂತ ಅಲ್ಲ. ದಿನಾ ಓದೋದಿತ್ತಲ್ಲ, ಅದಕ್ಕ ಅಕ್ಷರ ಬೇಕಾಗಿತ್ತು. ದಿನಕ್ಕ ಒಂದಿಷ್ಟ ಅಂದ್ರ ಹೊಸದಾಗಿ ಕಲ್ತಾವ್ರಿಗೂ ಎಟಕ್ತೇತಿ.

ಈ ಮನಿ ಓದಿನ ಬೆಲಿ ಗೊತ್ತಾಗಿದ್ದು 1914ಕ್ಕ ಲಡಾಯಿ ಹತ್ತಿದಾಗ. ಜರ್ಮನ್ ಪಾದ್ರಿಗಳು ಶತ್ರುದೇಶದಾವ್ರಾದ್ರು. ಅವರೊಳಗ ಬಾಳ ಮಂದೀನ್ನ ಅಹಮದನಗರದ ಕ್ಯಾಂಪಿನ್ಯಾಗ ಇಟ್ಟು, ಆಮ್ಯಾಲ ಹಡಗಿನ ಮ್ಯಾಲ ಅವರ ದೇಶಕ್ಕ ಕಳಿಸಿಬಿಟ್ರು. "ದೊರಿಗೋಳು ಹೋದ್ರು, ಪುಸ್ತಕ ಇಲ್ಲೇ ಉಳೀತು" ಅಂತ ನಮ್ಮಜ್ಜಿ ತನ್ನ ಅವ್ವನ ಮಾತು ಹೇಳ್ತಿದ್ಲು. ಪಾದ್ರಿ ಬರಲಾರದ ವಾರ ಮನ್ಯಾಗ ಯಾರಿಗೆ ಅಕ್ಷರ ಬರ್ತಿತ್ತೊ ಅವರು ಓದೋದು, ಉಳಿದಾವ್ರು ಕೇಳೋದು. ನಾ ನಂಬೋದು, ಗುಡಿ ಗೋಡಿ ಅಲ್ಲ, ಈ ಪಡಸಾಲಿ ಓದ ನಮ್ಮ ಮಂದೀನ್ನ ಹಿಡದಿಟ್ಟಿದ್ದು.

ನಾ ಲಗ್ನ ಆಗಿ ಸವಡಿಗೆ ಬಂದದ್ದು 1990ರಲ್ಲಿ. ಗದಗಿನ್ಯಾಗ ಪಿ.ಯು.ಸಿ. ಮುಗಿಸಿದ್ನಿ, ಮಗ್ಗದ ಮನ್ಯಾಕಿಗೆ ಇಲ್ಲಿ ಎರಿ ಹೊಲ ನೋಡಿ ಕಣ್ಣು ತಿರಗಿದ್ವು. ನಮ್ಮ ಮಾವಾರು ಹೋಗಿಬಿಟ್ಟಿದ್ರು, ಮನ್ಯಾಗ ದಿನಾ ಓದೋವ್ರ ಇರಲಿಲ್ಲ. ನಮ್ಮ ಅತ್ತಿಗೆ ಅಕ್ಷರ ಬರ್ತಿರಲಿಲ್ಲ. ಬಂದ ವಾರಕ್ಕ ಪುಸ್ತಕ ತಂದು ನನ್ನ ಉಡ್ಯಾಗ ಇಟ್ರು. ಗುಳೇದಗುಡ್ಡದ ಖಣದಾಗ ಸುತ್ತಿದ್ದು, ಕಡೀ ಹಾಳಿ ಮ್ಯಾಲ ಹುಟ್ಟಿದ್ದು ಸತ್ತದ್ದು ಎಲ್ಲಾ ಮಾವಾರ ಅಕ್ಷರದಾಗ. "ನೀ ಓದವ್ವಾ, ನಾ ಕೇಳ್ತೇನಿ" ಅಂದ್ರು.

ಕೇಳೋದಂದ್ರ ಸುಮ್ನ ಅಲ್ಲ ರಿ. ನಲವತ್ತು ವರ್ಷ ಕೇಳಿದ ಕಿವಿ. ನಿದ್ದಿಗಣ್ಣಾಗ ನಾ ಎರಡು ವಚನ ಹಾರಿಸಿದ್ರ, "ಹಿಂದಕ ಹೋಗು" ಅಂತಿದ್ರು. ಆದ್ರ ಒಂದು ಕಡೆ ಅವರ ಹಾರಸಾಕ ಹಚ್ಚಿದ್ರು. ನ್ಯಾಯಸ್ಥಾಪಕರು ಮುಗದು ರೂತಳು ಪುಸ್ತಕ ಬಂದಾಗ, ಮೊದಲ ಐದು ವಚನ ಓದೂದ್ರಾಗ ಕೈ ಎತ್ತಿದ್ರು. "ಇದನ್ನ ಬಿಡು. ಸಮುವೇಲ ಹಚ್ಚು." ಯಾಕಂತ ಕೇಳಾಕ ಧೈರ್ಯ ಆಗ್ಲಿಲ್ಲ. ಕಡೀ ಹಾಳಿ ನೋಡಿದಾಗ ತಿಳೀತು. ನಮ್ಮ ಹಿರಿ ಭಾವ ಹೊಲದಾಗ ಹಾವು ಕಡದು ಹೋದಾಗ ಅವಗ 19 ವರ್ಷ.

ರೂತಳ ಕಥಿ ಗೊತ್ತಿಲ್ಲದಾವ್ರಿಗೆ ಹೇಳ್ತೇನಿ. ಬೇತ್ಲೆಹೇಮ್ ಅಂದ್ರ ರೊಟ್ಟಿ ಮನಿ ಅಂತ ಅರ್ಥ. ಆ ಊರಿಗೆ ಬರ ಬಿದ್ದು ನೊವೊಮಿ ಅನ್ನಾಕಿ ಗಂಡ, ಎರಡು ಗಂಡಮಕ್ಕಳ ಜೋಡಿ ಮೋವಾಬ್ ಸೀಮಿಗೆ ದುಡ್ಯಾಕ ಹೋಗ್ತಾಳ. ಅಲ್ಲಿ ಗಂಡ ಸಾಯ್ತಾನ, ಎರಡೂ ಮಕ್ಕಳು ಸಾಯ್ತಾವ. ತಿರುಗಿ ಊರಿಗೆ ಬಂದಾಗ ಹೆಂಗಸರು ಹೆಸರ ಹಿಡದು ಕರದ್ರ, ನನ್ನ ಹಂಗ ಕರೀಬ್ಯಾಡ್ರಿ, ಕಹಿ ಅಂತ ಕರೀರಿ ಅಂತಾಳ. ಜತಿಗೆ ಬಂದಾಕಿ ಸೊಸಿ ರೂತಳು, ಬ್ಯಾರೆ ಕುಲದಾಕಿ. ಇಬ್ಬರ ಹೊಟ್ಟಿಗೆ ಮತ್ತೊಬ್ರ ಹೊಲದಾಗ ಜವೆಗೋದಿ ಹಕ್ಕಲ ಆರಸ್ತಾಳ. ಬಡವರಿಗೆ, ಪರದೇಶದಾವ್ರಿಗೆ ಹೊಲದ ಮೂಲಿ ಕೊಯ್ಯದ ಬಿಡಬೇಕಂತ ಮೋಶೆಯ ಕಾನೂನಿನ್ಯಾಗ ಐತಿ. ಮುಂದ ಸಂಜಿ ಗಾಳಿಗೆ ಕಣದಾಗ ರಾಶಿ ತೂರೋದು ಬರ್ತೇತಿ. ಪ್ಯಾಟ್ಯಾಗಿನಾವ್ರಿಗೆ ರಾತ್ರಿ ಯಾಕ ತೂರ್ತಾರಂತ ಬಿಡಿಸಿ ಹೇಳಬೇಕು, ರೋಣದ ಸೀಮಿ ಹೆಣ್ಮಗಳಿಗೆ ಹೇಳೋದ ಬ್ಯಾಡ. ಈಗ ಮಷೀನು ಬಂದು ಹಕ್ಕಲ ಉಳಿಯೋದು ಕಮ್ಮಿ ಆಗೇತಿ, ಅದು ಬ್ಯಾರೆ ಮಾತು.

ಬರೇ ನಾಲ್ಕು ಅಧ್ಯಾಯ. ಮೂವತ್ತು ವರ್ಷದಾಗ ಎಂಟೊ ಒಂಬತ್ತೊ ಸಲ ಆ ಪುಸ್ತಕದ ತನಕ ಬಂದ್ವಿ, ಪ್ರತಿ ಸಲ ದಾಟಿ ಹೋದ್ವಿ. ಅಂದ್ರ ನಮ್ಮ ಮನ್ಯಾಗ ಸತ್ಯವೇದಕ್ಕ 1185 ಅಧ್ಯಾಯ ಇದ್ವು. ನನಗ ಒಳಗ ಕಸಿವಿಸಿ. ಒಬ್ಬಾಕೀನ ಹಿತ್ತಲದಾಗ ಕೂತು ಓದಬಹುದಿತ್ತು, ಓದಲಿಲ್ಲ. ಅತ್ತಿ ಬಿಟ್ಟದ್ದನ್ನ ಸೊಸಿ ಕದ್ದು ಓದೋದು ಸರಿ ಅನಿಸಲಿಲ್ಲ.

2020ರ ಮಾರ್ಚ್ 25ಕ್ಕ ಎಲ್ಲಾ ಬಂದ್ ಆತು. ಶುಭ ಶುಕ್ರವಾರ ಏಪ್ರಿಲ್ 10, ಈಸ್ಟರ್ 12. ರೋಣಕ್ಕ ಬಸ್ಸಿಲ್ಲ, ಗದಗಿಗಂತೂ ಇಲ್ಲ. ಎರಡೂ ದಿನ ನಮ್ಮ ಪಡಸಾಲ್ಯಾಗ ನಾಲ್ಕು ಮಂದಿ, ಒಂದು ಪುಸ್ತಕ. ಮುತ್ತಜ್ಜಿ ಕಾಲಕ್ಕ ಹಿಂಗ ಇದ್ದೀತೇನೊ ಅಂದ್ಕೊಂಡ್ನಿ. ಮೇ ತಿಂಗಳದಾಗ ದುಡ್ಯಾಕ ಹೋದಾವ್ರು ಊರಿಗೆ ಬರಾಕ ಹತ್ತಿದ್ರು, ಅವರನ್ನ ಸಾಲ್ಯಾಗ ಇಟ್ಟಿದ್ರು. ಒಬ್ಬಾಕಿ ತಾಯಿ ದಿನಾ ಬುತ್ತಿ ತಂದು ಗೇಟಿನ ಹೊರಗ ಇಟ್ಟು, ಮಗ ಬಂದು ತಗೊಳ್ಳೋ ತನಕಾ ಬೇವಿನ ಗಿಡದ ಬುಡಕ ನಿಂತು ನೋಡ್ತಿದ್ಲು. ನಮ್ಮ ಕಟ್ಟಿ ಮ್ಯಾಲ ಕೂತ್ರ ಅದೆಲ್ಲಾ ಕಾಣ್ತಿತ್ತು. ಅತ್ತಿ ದಿನಾ ನೋಡೋರು. ಆ ವಾರಾನ ನ್ಯಾಯಸ್ಥಾಪಕರು ಮುಗೀತು. ನಾ ರೂಢಿಯಂತ ಹಾಳಿ ತಿರುವಿ ಸಮುವೇಲಕ್ಕ ಬಂದ್ನಿ. ಅತ್ತಿ ಅಂದ್ರು, "ಈ ಸಲ ಬಿಡಬ್ಯಾಡ."

ನಾಲ್ಕು ದಿನ ಓದಿದ್ನಿ. ಮೊದಲ ದಿನ ಸೆರಗು ಬಾಯಿಗೆ ಹಿಡಕೊಂಡು ಕೂತಿದ್ರು, ಮಾತಿಲ್ಲ. ಎರಡನೇ ದಿನ ಹಕ್ಕಲದ ಮಾತಿಗೆ, ತಾವು ಸಣ್ಣಾಕಿದ್ದಾಗ ಆರಿಸಿದ್ದ ಹೇಳಿದ್ರು. ಕಡೀ ದಿನ ರೂತಳಿಗೆ ಗಂಡಮಗ ಹುಟ್ಟಿ, ಕೂಸನ್ನ ನೊವೊಮಿ ಉಡ್ಯಾಗ ಹಾಕಿಕೊಳ್ಳೋದು, ನೆರೆಮನಿ ಹೆಂಗಸರು ಕೂಡಿ ಕೂಸಿಗೆ ಹೆಸರಿಡೋದು ಬಂತು. ಅತ್ತಿ ನನ್ನ ಕೈ ಹಿಡದು ನಿಲ್ಲಿಸಿದ್ರು. "ಹೆಸರಿಟ್ಟಾವ್ರು ಯಾರಂದಿ?" ಇನ್ನೊಂದ್ಸಲ ಓದಿದ್ನಿ. "ಓಣ್ಯಾಗಿನ ಹೆಣ್ಮಕ್ಕಳೇನು! ಅದು ನನಗ ಗೊತ್ತ ಇರಲಿಲ್ಲ ನೋಡು. ನಾ ಮುಂದಕ ಕೇಳಲ ಇಲ್ಲ."

ನಮ್ಮ ಮನಿಯವ್ರಿಗೆ ಹೆಸರಿಟ್ಟಾಗ ತೊಟ್ಟಿಲ ಹಿಡದಾವ್ರೂ ಈ ಓಣ್ಯಾಗಿನಾವ್ರ ಅಂತ, ಹಿರಿ ಮಗ ಹೋದ ಮ್ಯಾಲ ಒಂದು ತಿಂಗಳು ಈ ಮನಿಗೆ ಒಲಿ ಹಚ್ಚಗೊಡದ ರೊಟ್ಟಿ ತಂದಾವ್ರೂ ಅವರ ಅಂತ ಆವತ್ತು ಹೇಳಿದ್ರು. ಮೂವತ್ತು ವರ್ಷದಾಗ ಆ ಮಗನ ಹೆಸರು ಅವರ ಬಾಯಿಲೆ ಕೇಳಿದ್ದು ಅದ ಮೊದಲ ಸಲ.

ಮುಂದಿನ ವರ್ಷ ಅವರು ಹೋದ್ರು. ಕಡೀ ಹಾಳಿ ಮ್ಯಾಲ ನಾನ ಬರದೇನಿ, ಮಾವಾರ ಅಕ್ಷರದ ಕೆಳಗ. ಮಗಳು ಬೆಂಗಳೂರಾಗ ಮೊಬೈಲಿನ್ಯಾಗ ಓದ್ತಾಳ, ಅದು ತಾನ ಓದಿ ಹೇಳ್ತೇತಂತ. ಹೇಳ್ಲಿ ಬಿಡ್ರಿ. ಆದ್ರ ಅದಕ್ಕ ಎಲ್ಲಿ ಬಿಡಬೇಕು, ಎಲ್ಲಿ ಹಿಂದಕ ಹೋಗಬೇಕು ಅಂತ ಹೇಳೋವ್ರು ಯಾರು?

ಅಕ್ಕಾರ ಪ್ರಶ್ನಿಗೆ ಉತ್ತರ: ಮುಗೀತೇತ್ರಿ, ಮತ್ತ ಮೊದಲಿಂದ ಹಚ್ತೇನಿ. ಈಗ ನ್ಯಾಯಸ್ಥಾಪಕರು 18ಕ್ಕ ಬಂದೇನಿ, ಇನ್ನ ಮೂರು ಅಧ್ಯಾಯ ಅದಾವ. ಆಮ್ಯಾಲಿನ ನಾಲ್ಕು ದಿನ ಮಾಳಿಗಿ ಮ್ಯಾಲ ಬರ್ರಿ, ಹಪ್ಪಳ ಒಣಗಿಸ್ಕೋತ ಕೇಳೀರಂತ.