ಕ್ರೈಸ್ತ ಕಾಲೇಜು ಮತ್ತು ಶುಲ್ಕದ ನೆರವು

ಬೋಲಿಂಗ್‌ಬ್ರೂಕ್‌ನ ನಮ್ಮ ನೆರೆಯೂರು ರೋಮಿಯೋವಿಲ್‌ನಲ್ಲಿ ಕ್ಯಾಥೊಲಿಕ್ ಸಂಸ್ಥೆಯಾದ ಲೂಯಿಸ್ ವಿಶ್ವವಿದ್ಯಾಲಯವಿದೆ. ಧಾರ್ಮಿಕ ಕಾಲೇಜಿಗೆ ಸರ್ಕಾರದ ನೆರವು ಸಿಗದೆಂದೇ ನಾನು ಬಹುಕಾಲ ನಂಬಿದ್ದೆ; ಅದು ತಪ್ಪು. ಫಾಫ್ಸಾ ಅರ್ಜಿ ಸಲ್ಲಿಸಿದ ಅರ್ಹ ವಿದ್ಯಾರ್ಥಿಗೆ ಕೇಂದ್ರದ ಪೆಲ್, ಇಲಿನಾಯ್ ರಾಜ್ಯದ ಮ್ಯಾಪ್ ಅನುದಾನಗಳೆರಡೂ ಅಲ್ಲಿ ದೊರೆಯುತ್ತವೆ. ಮಗು ಅಮೆರಿಕದ ಪ್ರಜೆಯಾಗಿದ್ದರೆ ತಂದೆತಾಯಿಯರ ಎಚ್‌-1ಬಿ ವೀಸಾ ಅಡ್ಡಿಯಲ್ಲ.

ಮಿಶಿಗನ್‌ನ ಹಿಲ್ಸ್‌ಡೇಲ್ ಕಾಲೇಜು ಇದಕ್ಕೆ ಅಪವಾದ. ವಿದ್ಯಾರ್ಥಿ ಪಡೆದ ನೆರವೂ ಕಾಲೇಜಿಗೆ ಸಂದ ನೆರವೇ, ಆದ್ದರಿಂದ ಕೇಂದ್ರದ ನಿಯಮ ಅನ್ವಯಿಸುತ್ತದೆ ಎಂದು 1984ರ ಗ್ರೋವ್ ಸಿಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಿಲ್ಸ್‌ಡೇಲ್ ಆ ಹಣವನ್ನೇ ತೊರೆದು, ಖಾಸಗಿ ದೇಣಿಗೆಯಿಂದ ವಿದ್ಯಾರ್ಥಿವೇತನ ನೀಡುತ್ತದೆ.

ನೆರವಿನ ಪತ್ರದಲ್ಲಿ ಅನುದಾನದ ಪಕ್ಕದಲ್ಲೇ ಸಾಲವೂ ಇರುತ್ತದೆ. ಪರಿಚಿತ ಕನ್ನಡ ಕುಟುಂಬವೊಂದು ಒಟ್ಟು ಮೊತ್ತವನ್ನು ಉಚಿತವೆಂದೇ ಭಾವಿಸಿತ್ತು. ಬಿಡಿಸಿ ಓದಿದಾಗ ಅರ್ಧದಷ್ಟು ಸಾಲವಾಗಿತ್ತು. ಒಪ್ಪುವ ಮುನ್ನ ಸಾಲವನ್ನು ಕಳೆದು ಲೆಕ್ಕ ಹಾಕಿರಿ.