ತಡವಾಗಿ ಬಂದ ಬಿಡುಗಡೆ

ರೇಡಿಯೋದ ಕಿವಿ ಹಿಂಡಿದೊಡನೆ ಲೋಕವಾರ್ತೆ ನಿಮ್ಮ ನಡುಮನೆಗೆ ಬರುತ್ತದೆ. ಬಿಡುಗಡೆಯ ವಾರ್ತೆಯೊಂದು ಎರಡೂವರೆ ವರ್ಷ ತಡವಾಗಿ ಬಂದ ಕಥೆಯನ್ನು ಕೇಳಿದ್ದೀರಾ?

ದಂಗೆಯೆದ್ದ ದಕ್ಷಿಣ ಸಂಸ್ಥಾನಗಳ ಗುಲಾಮರೆಲ್ಲ ಸ್ವತಂತ್ರರೆಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನರು 1863ರ ಜನವರಿ 1ರಂದು ಸಾರಿದರು. ಆದರೂ ಟೆಕ್ಸಾಸಿನಲ್ಲಿ ಸುಮಾರು ಎರಡೂವರೆ ಲಕ್ಷ ಜನ ದಾಸ್ಯದಲ್ಲಿಯೇ ಉಳಿದರು. ಒಡೆಯರಿಗೆ ಘೋಷಣೆ ತಿಳಿಯದೆ ಇರಲಿಲ್ಲ. ಅದನ್ನು ನಡೆಯಿಸುವ ಸೈನ್ಯ ಅಲ್ಲಿರಲಿಲ್ಲ, ಅಷ್ಟೆ. 1865ರ ಜೂನ್ 19ರಂದು ಜನರಲ್ ಗಾರ್ಡನ್ ಗ್ರೇಂಜರ್ ಸೈನ್ಯಸಮೇತನಾಗಿ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಆಜ್ಞೆ ಹೊರಡಿಸಿದನು. ಮರುವರ್ಷದಿಂದಲೇ ಅದು ಹಬ್ಬವಾಯಿತು. 'ಜೂನ್', 'ನೈನ್‌ಟೀನ್ತ್' ಎರಡೂ ಕೂಡಿ, ನಡುವಣ ಅಕ್ಷರ ಲೋಪವಾಗಿ, 'ಜೂನ್‌ಟೀನ್ತ್' ಎಂಬ ಹೆಸರು ನಿಂತಿತು.

ಹಬ್ಬಕ್ಕೆ ಜಾಗ ಬೇಡವೆ? ಹೂಸ್ಟನ್ನಿನಲ್ಲಿ ಪಾದ್ರಿ ಜಾಕ್ ಯೇಟ್ಸ್ ಮೊದಲಾದವರು ವಂತಿಗೆ ಕೂಡಿಸಿ, 1872ರಲ್ಲಿ 10 ಎಕರೆ ನೆಲವನ್ನೇ ಕೊಂಡರು. ಎಮ್ಯಾನ್ಸಿಪೇಶನ್ ಪಾರ್ಕ್ ಎಂಬ ಆ ಉದ್ಯಾನ ಇಂದಿಗೂ ಇದೆ.

ಪ್ರಾರ್ಥನೆ, ಘೋಷಣೆಯ ವಾಚನ, ಬಳಿಕ ಬಯಲೂಟ. ನೆಲದಲ್ಲಿ ತೋಡಿದ ಕುಣಿಯ ಕೆಂಡದ ಮೇಲೆ ಗಂಟೆಗಟ್ಟಲೆ ಬೆಂದ ಮಾಂಸ, ಕಲ್ಲಂಗಡಿ, ಕೆಂಪು ಸೋಡ. ಕೆಂಪೇಕೆ? ದಾಸ್ಯದಲ್ಲಿ ಸುರಿದ ನೆತ್ತರಿನ ನೆನಪೆನ್ನುವರು ಹಲವರು. ಪಶ್ಚಿಮ ಆಫ್ರಿಕದಲ್ಲಿ ನಮ್ಮ ಪುಂಡಿಯ ಬಳಗದ ಗಿಡದಿಂದ ಮಾಡುವ ಕೆಂಪು ಪಾನಕದ ನೆನಪೆನ್ನುವರು ಕೆಲವರು.

ಟೆಕ್ಸಾಸ್ ಈ ದಿನಕ್ಕೆ ರಜೆ ಕೊಟ್ಟದ್ದು 1980ರಲ್ಲಿ. ಇಡೀ ದೇಶ ಕೊಟ್ಟದ್ದು 2021ರಲ್ಲಿ. ಆಜ್ಞೆ ತಡವಾಯಿತು, ಮನ್ನಣೆ ಇನ್ನೂ ತಡವಾಯಿತು. ಅಲ್ಲಿಯವರೆಗೆ ಆ ದಿನವನ್ನು ಉಳಿಸಿಕೊಂಡು ಬಂದದ್ದು ಸರ್ಕಾರವಲ್ಲ, ಒಟ್ಟಿಗೆ ಕುಳಿತು ಉಂಡ ಜನ.