ಮಡಚುವ ಸೈಕಲ್ಲು ಮತ್ತು ಶರಣಬಸಪ್ಪನ ಜಾತ್ರೆ

ಹೋಳಿ ಹುಣ್ಣಿಮೆಯಾದ ಐದನೇ ದಿನ ಕಲಬುರಗಿಯ ಶರಣಬಸವೇಶ್ವರರ ತೇರು. ಮುಂದಿನ ಸಲ ರೈಲಿನಲ್ಲಿ ಸೈಕಲ್ಲು ಒಯ್ದು, ಸ್ಟೇಷನ್ನಿನಿಂದ ಗುಡಿಗೆ, ದಾಸೋಹದಲ್ಲಿ ಉಂಡು, ಮರುದಿನ ಸುಮಾರು 35 ಕಿ.ಮೀ. ಆಚೆಯ ಕಮಲಾಪುರಕ್ಕೆ ಹೋಗಿ ಕೆಂಪು ಬಾಳೆಹಣ್ಣು ತಿನ್ನಬೇಕು ಅನ್ನೋ ಆಸೆ. ಅದಕ್ಕೆ ಮಡಚುವ ಸೈಕಲ್ಲೊಂದನ್ನು ಜೋಡಿಸೋಣ ಅಂತ ಬಿಡಿಭಾಗ ಹುಡುಕಲು ಕೂತರೆ, ಒಂದೊಂದರ ಹಿಂದೆಯೂ ಒಂದು ಚರಿತ್ರೆ!

ಇದನ್ನು ಮಾಡಿದ್ದು ಬರೀ ಪ್ರವಾಸಿಗಳಿಗಾಗಿ ಅಲ್ಲ, ಸಿಪಾಯಿಗಳಿಗಾಗಿಯೂ. 1890ರ ದಶಕದಲ್ಲೇ ಫ್ರಾನ್ಸಿನ ಸೇನೆಯ ಗೆರಾರ್ ಎಂಬ ಅಧಿಕಾರಿಯ ಹೆಸರಲ್ಲಿ ಮಡಚುವ ಸೈಕಲ್ಲು ಬಂತು. ಎರಡನೇ ಮಹಾಯುದ್ಧದಲ್ಲಿ ಬಿಎಸ್‌ಎ ಪ್ಯಾರಾಟ್ರೂಪರ್ ಬಂತು. ನಮಗೆ ಬಿಎಸ್‌ಎ ಅಂದರೆ ಶಾಲೆಗೆ ಹೋಗೋ ಸೈಕಲ್ಲು. ಮೂಲದಲ್ಲಿ ಅದು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಬಂದೂಕಿನ ಕಾರ್ಖಾನೆ. ಚೌಕಟ್ಟಿನ ನಡುವೆ ಕೀಲು, ಬೆರಳಲ್ಲೇ ತಿರುಗಿಸುವ ಚಿಟ್ಟೆ ನಟ್ಟು, ಅಷ್ಟೆ. ಆದರೆ ಗಾಲಿ ದೊಡ್ಡದೇ ಇದ್ದದ್ದರಿಂದ ಮಡಚಿದರೂ ಅದು ಗಂಟು ಚಿಕ್ಕದಾಗಲಿಲ್ಲ.

ಗಾಲಿ ಚಿಕ್ಕದು ಮಾಡಿ ತೋರಿಸಿದವರು ಅಲೆಕ್ಸ್ ಮೌಲ್ಟನ್, 1962ರಲ್ಲಿ. ಚಿಕ್ಕ ಗಾಲಿ ಗುಂಡಿಗೆ ಬಿದ್ದರೆ ಸೊಂಟಕ್ಕೆ ಪೆಟ್ಟು. ಹಾಗಾಗಿ ರಬ್ಬರಿನ ಸಸ್ಪೆನ್ಷನ್ ಹಾಕಿದರು. (ತೇರಿನ ಗಾಲಿ ಯಾಕೆ ಅಷ್ಟು ದೊಡ್ಡದು ಅಂತ ಈಗ ಗೊತ್ತಾಯ್ತಲ್ಲ!) ಆಮೇಲೆ 1976ರಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ತನ್ನ ಮನೆಯಲ್ಲೇ ಬ್ರಾಂಪ್ಟನ್ ಸೈಕಲ್ಲಿಗೆ ಕೈ ಹಾಕಿದರು. ಮನೆಯ ಎದುರಿಗೆ ಬ್ರಾಂಪ್ಟನ್ ಆರೇಟರಿ ಎಂಬ ಚರ್ಚು, ಅದರ ಹೆಸರನ್ನೇ ಇಟ್ಟರು. ನಮ್ಮ ಕಡೆ ಅಂಗಡಿಗೆ ಶರಣಬಸವೇಶ್ವರರ ಹೆಸರು ಇಡುವ ಹಾಗೇ ಅನ್ನಿ :)

ಈಗ ನನ್ನ ತಲೆನೋವಿಗೆ ಬರ್ತೀನಿ. ಬ್ರಾಂಪ್ಟನ್ನಿನ ಟೈರು 16 x 1 3/8, ರಿಮ್ಮಿನ ಅಳತೆ 349 ಮಿ.ಮೀ. ಮಕ್ಕಳ ಸೈಕಲ್ಲಿನ 16 x 1.75 ಇದಕ್ಕೆ ಕೂರುವುದಿಲ್ಲ, ಅದು 305. ಹೆಸರು 16 ಇಂಚೇ, ಒಳಗೆ 44 ಮಿ.ಮೀ. ವ್ಯತ್ಯಾಸ! 20 ಇಂಚಿನಲ್ಲೂ ಇದೇ ಗೋಳು: 20 x 1.75 ಅಂದರೆ 406, 20 x 1 3/8 ಅಂದರೆ 451. ಕಮಲಾಪುರದ ದಾರಿಯಲ್ಲಿ ಜಾಲಿ ಮುಳ್ಳು ಹೊಕ್ಕು ಟೈರು ಹರಿದರೆ ಸಿಗುವ ಆಸೆ ಇರುವುದು 406ರದ್ದೇ. ಆದ್ದರಿಂದ ಅದನ್ನೇ ಆರಿಸಿದೆ.

ಇನ್ನು ಗೇರು. ನಮ್ಮ ಹಳೆಯ 28 ಇಂಚಿನ ಸೈಕಲ್ಲಿಗೆ 48 ಹಲ್ಲಿನ ಚೈನ್‌ವ್ಹೀಲು, 18ರ ಫ್ರೀವ್ಹೀಲು ಅಂದುಕೊಳ್ಳಿ. ಪೆಡಲ್ಲು ಒಂದು ಸುತ್ತಿಗೆ ಸುಮಾರು 6 ಮೀಟರ್ ಸಾಗುತ್ತೆ. ಅದೇ ಹಲ್ಲುಗಳನ್ನು 406ಕ್ಕೆ ಹಾಕಿದರೆ 4 ಮೀಟರ್ ಚಿಲ್ಲರೆ. ಕಾಲು ಗಿರಗಿರ ತಿರುಗಬೇಕು, ಊರು ಬರೋದಿಲ್ಲ. 54ಕ್ಕೆ 14 ಹಾಕಿದರೆ ಮತ್ತೆ 6 ಮೀಟರ್. ಏರು ಹತ್ತಲು ಸ್ಟರ್ಮಿ-ಆರ್ಚರ್ ಮೂರು ಗೇರಿನ ಹಬ್ಬು ಸಾಕು. 1902ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಶುರುವಾದ ಕಂಪನಿ, 2000ದಲ್ಲಿ ಮುಳುಗಿ ತೈವಾನಿನ ಪಾಲಾಯಿತು. ಗೇರೆಲ್ಲಾ ಹಬ್ಬಿನ ಒಳಗೇ ಇರುವುದರಿಂದ ಮಡಚುವಾಗ ಬಾಗುವಂಥದ್ದು ಹೊರಗೆ ಹೆಚ್ಚೇನೂ ಇರುವುದಿಲ್ಲ, ಎರೆಮಣ್ಣೂ ಮೆತ್ತಿಕೊಳ್ಳುವುದಿಲ್ಲ. ರಿಮ್ಮು ಮಾತ್ರ ಅಲ್ಯೂಮಿನಿಯಂ. ಹೊಳೆಯುವ ಸ್ಟೀಲ್ ರಿಮ್ಮಿಗೆ ಮಳೆಯಲ್ಲಿ ಬ್ರೇಕು ಹಿಡಿಯೋದಿಲ್ಲ, ನೋಡಲಿಕ್ಕಷ್ಟೇ ಚಂದ.

ಉಳಿದದ್ದು ರೈಲಿನ ಲೆಕ್ಕ. ಬೋಗಿಯಲ್ಲಿ ಜೊತೆಗೆ ಒಯ್ಯುವ ಪೆಟ್ಟಿಗೆ 100 x 60 x 25 ಸೆಂ.ಮೀ. ಮೀರಬಾರದು. ಈಗಿನ ಬ್ರಾಂಪ್ಟನ್ನೇ ಮಡಚಿದರೆ 27 ಸೆಂ.ಮೀ. ದಪ್ಪ! ನಡುವೆ ಮಡಚುವ 20 ಇಂಚಿನದು ಇನ್ನೂ ದಪ್ಪ. ದಾರಿ ತೋರಿಸಿದ್ದು ಅಮೆರಿಕದ ಬೈಕ್ ಫ್ರೈಡೆ. 1992ರಲ್ಲಿ ಶುರುವಾದ ಅವರು ಸೈಕಲ್ಲನ್ನು ಬಿಚ್ಚಿ ಸೂಟ್‌ಕೇಸಿಗೆ ತುಂಬಿಸಿದರು. 406ರ ಗಾಲಿ ಟೈರು ಸೇರಿ ಸುಮಾರು 50 ಸೆಂ.ಮೀ., 60ರ ಅಗಲದೊಳಗೆ ಮಲಗುತ್ತೆ. ಚೌಕಟ್ಟಿನ ಪಕ್ಕದಲ್ಲೇ ಎರಡೂ ಗಾಲಿ, ಹ್ಯಾಂಡಲ್ಲು, ಪೆಡಲ್ಲು ಬೇರೆ. ಸ್ಟೇಷನ್ನಿನ ಹೊರಗೆ ಕೂತು ಪಾನಾ ಹಿಡಿದು ಅರ್ಧ ಗಂಟೆ ಜೋಡಿಸಬೇಕಾದೀತು, ಇರಲಿ.

ನಿಮ್ಮೂರಲ್ಲಿ 20 x 1.75ರ ಒಳ್ಳೆ ಟೈರು, 14 ಹಲ್ಲಿನ ಸ್ಪ್ರಾಕೆಟ್ಟು ಸಿಕ್ಕರೆ ದಯವಿಟ್ಟು ತಿಳಿಸಿ. ತೇರಿನ ಹೊತ್ತಿಗೆ ಬೇಕು.